ಗಾಜನೂರಿನ ಮುತ್ತುರಾಜು ‘ಸೀದಾ’ ಸಿನಿಮಾಗೆ ಹೋದರಾ?

ಹಂಚಿನ_ಮನೆ:
ಹೋದ ಭಾನುವಾರ ಚಾಮರಾಜನಗರದಿಂದ ತಾಳವಾಡಿ ಕಡೆ ಹೋಗಿದ್ದೆ. ಗಡಿ ದಾಟಿದ ಕೂಡಲೇ ಬೋರ್ಡುಗಳೆಲ್ಲ ತಮಿಳಾಗುತ್ತವೆ, ಟೀ ಅಂಗಡಿಯಲ್ಲಿ ಮಾತು ಮಾತ್ರ ಕನ್ನಡದಲ್ಲೇ ಇರುತ್ತದೆ. ಗಾಜನೂರಿನಲ್ಲಿ ರಾಜ್‌ಕುಮಾರ್ ಅವರ ಹಳೇ ಹಂಚಿನ ಮನೆ ಮುಂದೆ ನಿಂತು ಫೋಟೋ ತೆಗೀತಾ ಇದ್ದೆ. ಸೈಕಲ್ ಮೇಲೆ ಬಂದ ಒಬ್ಬ ಹುಡುಗ, ಹತ್ತು ವರ್ಷ ಇರಬಹುದು, ತಾನಾಗೇ ಹೇಳಿದ: "ಇಲ್ಲೇ ಹುಟ್ಟಿದ್ದು ಸಾರ್. ಆಮೇಲೆ ಸೀದಾ ಸಿನಿಮಾಗೆ ಹೋದ್ರು."

ಆ ‘ಸೀದಾ’ ಅನ್ನೋ ಮಾತು ವಾಪಸ್ ಬರುವಾಗ ಬಸ್ಸಿನುದ್ದಕ್ಕೂ ತಲೆಯಲ್ಲೇ ಇತ್ತು. ಹುಡುಗನ ತಪ್ಪೇನಿಲ್ಲ, ನಾವೆಲ್ಲ ಹೇಳೋದೂ ಹಾಗೇ ಅಲ್ವಾ? ಹುಟ್ಟಿದ್ದು 1929ರ ಏಪ್ರಿಲ್ 24, ಹೀರೋ ಆದ ಮೊದಲ ಸಿನಿಮಾ ಬೇಡರ ಕಣ್ಣಪ್ಪ ಬಂದಿದ್ದು 1954. ನಡುವೆ 25 ವರ್ಷ. ಆ 25 ವರ್ಷವನ್ನ "ಬಡತನವಿತ್ತು, ನಾಟಕ ಮಾಡುತ್ತಿದ್ದರು" ಅಂತ ಒಂದು ಸಾಲಿನಲ್ಲಿ ಮುಗಿಸಿಬಿಡುತ್ತೇವೆ.

ನನಗೆ ಅನ್ನಿಸೋದು ಇಷ್ಟು. ಶಾಲೆ ಬಿಟ್ಟ ಹುಡುಗ ಅದೃಷ್ಟದಿಂದ ಹೀರೋ ಆದ ಅನ್ನೋದು ಅರ್ಧ ಕಥೆ. ಪ್ರೈಮರಿ ಶಾಲೆಯನ್ನೂ ಅವರು ಮುಗಿಸಲಿಲ್ಲ, ನಿಜ. ಆದರೆ ಓದು ನಿಲ್ಲಿಸಲಿಲ್ಲ, ಶಾಲೆ ಬದಲಾಯಿಸಿದರು ಅಷ್ಟೇ. ಕಂಪನಿ ನಾಟಕ, ಅಂದರೆ ಊರೂರು ತಿರುಗೋ ವೃತ್ತಿ ತಂಡಗಳ ನಾಟಕವೇ ಅವರ ಶಾಲೆ. ಹೀರೋ ಆಗಿ ತೆರೆಗೆ ಬಂದಾಗ ಅವರಿಗೆ 25, ಅಷ್ಟು ಹೊತ್ತಿಗೆ ಹದಿನೈದು ವರ್ಷಕ್ಕೂ ಜಾಸ್ತಿ ಅನುಭವ ಆಗಿತ್ತು.

ಆ ಕಾಲದ ಬಗ್ಗೆ ಗೊತ್ತಿರುವವರು ಬರೀರಿ. ‘ಅಣ್ಣಾವ್ರು ದೇವರು’ ಅನ್ನೋ ಕಾಮೆಂಟ್‌ಗೆ ಬೇರೆ ಜಾಗ ಇದೆ. ನಾನೂ ಅಲ್ಲಿಗೆ ಬಂದು ಕೈ ಮುಗೀತೀನಿ. ಇಲ್ಲಿ ಬೇಡ.

ಕಾವೇರಿ_ತೀರ:
ಊರಿನ ವಿಷಯದಿಂದಲೇ ಶುರು ಮಾಡೋಣ. ರಾಜ್‌ಕುಮಾರ್ ಅವರ ಮೊದಲ ಹೆಸರು ಎಸ್.ಪಿ. ಮುತ್ತುರಾಜು ಅನ್ನೋದರಲ್ಲಿ ಎಸ್ ಅಂದ್ರೆ ಸಿಂಗಾನಲ್ಲೂರು, ಪಿ ಅಂದ್ರೆ ಪುಟ್ಟಸ್ವಾಮಯ್ಯ. ಸಿಂಗಾನಲ್ಲೂರು ಇರೋದು ಕೊಳ್ಳೇಗಾಲ ತಾಲ್ಲೂಕಿನಲ್ಲಿ, ಹುಟ್ಟಿದ್ದು ಗಾಜನೂರಿನಲ್ಲಿ. ಆಗ ಕೊಳ್ಳೇಗಾಲ ಕೂಡ ಮೈಸೂರು ಸಂಸ್ಥಾನದಲ್ಲಿರಲಿಲ್ಲ, ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1956ರಲ್ಲಿ ಭಾಷಾವಾರು ರಾಜ್ಯಗಳ ಗೆರೆ ಎಳೆದಾಗ ಕೊಳ್ಳೇಗಾಲ ಈ ಕಡೆ ಬಂತು, ತಾಳವಾಡಿ ಆ ಕಡೆ ಉಳೀತು. ಅಪ್ಪನ ಊರು ಕರ್ನಾಟಕ, ಹುಟ್ಟಿದೂರು ತಮಿಳುನಾಡು. ಇವತ್ತಿಗೂ ಈ ವಿಷಯಕ್ಕೆ ಜನ ಜಗಳ ಆಡ್ತಾರೆ. ಅವರು ಹುಟ್ಟಿದಾಗ ಎರಡೂ ಒಂದೇ ಸೀಮೆ.

ಹೆಸರು ಬಂದಿದ್ದು ಮುತ್ತತ್ತಿರಾಯನಿಂದ. ಮಳವಳ್ಳಿ ತಾಲ್ಲೂಕಿನಲ್ಲಿ ಕಾವೇರಿ ದಡದಲ್ಲಿರೋ ಆಂಜನೇಯ. ನಮ್ಮ ಕಡೆ ಈಗಲೂ ಮನೆಗೊಬ್ಬ ಮುತ್ತುರಾಜ ಸಿಗ್ತಾನೆ.

ಬೆಂಚ್_ಟಿಕೆಟ್:
ಹಂಚಿನ_ಮನೆ ಅವರೇ, ಒಳ್ಳೇ ಚರ್ಚೆ ಶುರು ಮಾಡಿದ್ದೀರಿ. ತಂದೆಯನ್ನ ಬಿಟ್ಟು ಈ ಕಥೆ ಹೇಳೋಕಾಗಲ್ಲ. ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪನಿಯ ನಟ. ರಾವಣ, ಕಂಸ, ಹಿರಣ್ಯಕಶಿಪು ಇಂಥ ರೌದ್ರ ಪಾತ್ರಗಳಿಗೇ ಹೆಸರಾದವರು. ಮಗ ರಂಗಕ್ಕೆ ಬಂದಿದ್ದು ಅಪ್ಪನ ಬೆರಳು ಹಿಡಿದು. ಮೊದಲಿಗೆ ಚಿಲ್ಲರೆ ಪಾತ್ರಗಳು, ಪರದೆ ಪಕ್ಕ ನಿಂತು ನೋಡೋದು, ದೊಡ್ಡವರು ಹೇಳಿದ ಕೆಲಸ ಮಾಡೋದು. ತಮ್ಮ ವರದಪ್ಪನವರದ್ದೂ ಅದೇ ದಾರಿ.

ಗುಬ್ಬಿ ಕಂಪನಿ ಅಂದರೆ ಸುಮ್ನೆ ಒಂದು ನಾಟಕ ತಂಡ ಅಂದ್ಕೋಬೇಡಿ. 1884ರಲ್ಲಿ ಶುರುವಾದದ್ದು. ವೀರಣ್ಣನವರ ಕೈಗೆ ಬಂದ ಮೇಲೆ ಒಂದು ಊರೇ ಊರೂರು ತಿರುಗಿದ ಹಾಗೆ. ಕುರುಕ್ಷೇತ್ರ ನಾಟಕಕ್ಕೆ ರಂಗದ ಮೇಲೆ ನಿಜವಾದ ಆನೆ, ಕುದುರೆ ತರುತ್ತಿದ್ದರು. ಒಂದೂರಲ್ಲಿ ಕ್ಯಾಂಪ್ ಹಾಕಿದರೆ ತಿಂಗಳುಗಟ್ಟಲೆ ಅಲ್ಲೇ. ಎಲ್ಲರಿಗೂ ಕಂಪನಿ ಮನೆಯಲ್ಲೇ ಊಟ. ಬೆಳಗ್ಗೆ ಎದ್ದರೆ ಪಾಠ, ರಾತ್ರಿಯಾದರೆ ಬಣ್ಣ.

ಇನ್ನೊಂದು ಸಂಗತಿ. ಪುಟ್ಟಸ್ವಾಮಯ್ಯ ರಂಗದ ಮೇಲೆ ಹಿರಣ್ಯಕಶಿಪು. 1983ರಲ್ಲಿ ಮಗ ಸಿನಿಮಾದಲ್ಲಿ ಹಿರಣ್ಯಕಶಿಪು, ಮೊಮ್ಮಗ ಪುನೀತ್ ಪ್ರಹ್ಲಾದ. ಆದರೆ ಮಗ ಹೀರೋ ಆಗಿದ್ದನ್ನ ನೋಡೋಕೆ ಪುಟ್ಟಸ್ವಾಮಯ್ಯ ಇರಲಿಲ್ಲ. ಕಣ್ಣಪ್ಪ ಬರೋ ಮೊದಲೇ ಹೋಗಿಬಿಟ್ಟಿದ್ದರು.

ಮಸ್ಕತ್_ಮಂಜ:
ನಾನು ವಾದ ಮಾಡೋಕೆ ಬಂದೆ, ಬೇಜಾರು ಮಾಡ್ಕೋಬೇಡಿ. ಕಂಪನಿಯಲ್ಲಿ ನೂರಾರು ಜನ ಇದ್ದರು. ಎಲ್ಲರಿಗೂ ಅದೇ ಪಾಠ, ಅದೇ ಊಟ. ಅವರೆಲ್ಲ ಯಾಕೆ ರಾಜ್‌ಕುಮಾರ್ ಆಗಲಿಲ್ಲ? ಕಂಪನಿಯೇ ಶಾಲೆ ಅಂತ ಒಪ್ಪೋಣ. ಆದರೆ ರ‍್ಯಾಂಕ್ ಬಂದವರು ಒಬ್ಬರೇ ಅಲ್ವಾ? ಅದಕ್ಕೆ ಅದೃಷ್ಟ ಅನ್ನದೆ ಏನನ್ನೋಣ?

ಹಂಚಿನ_ಮನೆ:
ಮಂಜಣ್ಣ, ಒಬ್ಬರೇ ಅಲ್ಲ. ಬೇಡರ ಕಣ್ಣಪ್ಪದ ತಂಡವನ್ನೇ ಒಮ್ಮೆ ನೋಡಿ.

ನರಸಿಂಹರಾಜು: ತಿಪಟೂರಿನವರು, ನಾಲ್ಕು ವರ್ಷಕ್ಕೇ ಬಣ್ಣ ಹಚ್ಚಿದವರು. ಅವರ ಮೊದಲ ಸಿನಿಮಾ ಕೂಡ ಇದೇ. ಜಿ.ವಿ. ಅಯ್ಯರ್: ನಂಜನಗೂಡಿನವರು, ಎಂಟನೇ ವಯಸ್ಸಿಗೆ ಗುಬ್ಬಿ ಕಂಪನಿ ಸೇರಿದವರು. ನಿರ್ದೇಶಕ ಎಚ್.ಎಲ್.ಎನ್. ಸಿಂಹ: ಅವರೂ ರಂಗಭೂಮಿಯವರೇ, ತಮ್ಮ ನಾಟಕ ಸಂಸಾರ ನೌಕವನ್ನ 1936ರಲ್ಲೇ ಸಿನಿಮಾ ಮಾಡಿದ್ದರು. ದುಡ್ಡು ಹಾಕಿದ್ದು ವೀರಣ್ಣನವರ ಗುಬ್ಬಿ ಕರ್ನಾಟಕ ಫಿಲ್ಮ್ಸ್, ಜೊತೆಗೆ ಮದ್ರಾಸಿನ ಎವಿಎಂ ಸ್ಟುಡಿಯೋ. ಬೇಡರ ಕಣ್ಣಪ್ಪ ಅನ್ನೋ ಕಥೆಯೇ ಕಂಪನಿ ರಂಗದ ಮೇಲೆ ಓಡಿದ್ದು.

ಮುತ್ತುರಾಜು ಅನ್ನೋ ಹೆಸರನ್ನ ರಾಜ್‌ಕುಮಾರ್ ಅಂತ ಮಾಡಿದ್ದೂ ಸಿಂಹ ಅವರೇ. ಅಂದರೆ ಒಬ್ಬ ಹುಡುಗನಿಗೆ ಲಾಟರಿ ಹೊಡೆದ ಹಾಗಲ್ಲ ಇದು. ಇಡೀ ಕಂಪನಿ ಗಂಟುಮೂಟೆ ಕಟ್ಟಿಕೊಂಡು ಮದ್ರಾಸಿಗೆ ಕ್ಯಾಂಪ್ ಹೋದ ಹಾಗೆ.

ಸುಮ್ನೆ_ಓದೋಳು:
ಯಾವಾಗಲೂ ಓದಿ ಹೋಗೋಳು ನಾನು, ಇವತ್ತು ತಡೆಯೋಕಾಗಲಿಲ್ಲ. ಮೇಲಿನ ಪಟ್ಟಿಯಲ್ಲಿ ಪಂಡರಿಬಾಯಿ ಹೆಸರು ಎಲ್ಲಿ ಸ್ವಾಮಿ? ಆ ಚಿತ್ರದಲ್ಲಿ ಹೊಸಬರು ರಾಜ್‌ಕುಮಾರ್, ಅನುಭವಸ್ಥೆ ಅವರು. 1943ರಿಂದಲೇ ಸಿನಿಮಾದಲ್ಲಿದ್ದರು. ಭಟ್ಕಳದ ಹುಡುಗಿ. ಹರಿಕಥೆಯ ಮನೆತನದಿಂದ ಬಂದು, ತಮಿಳಲ್ಲೂ ಹೆಸರು ಮಾಡಿದ್ದರು. ಹೊಸ ಹೀರೋ ಪಕ್ಕ ನಿಲ್ಲೋಕೆ ಒಪ್ಪಿದ್ದೇ ದೊಡ್ಡದು. ಮುಂದೆ ಅದೇ ಹೀರೋಗೆ ಅಮ್ಮನಾಗಿಯೂ ನಟಿಸಿದರು. ಹೀರೋಗೆ ಮಾತ್ರ ವಯಸ್ಸಾಗಲಿಲ್ಲ, ಅದು ಬೇರೆ ಚರ್ಚೆ.

ಪಾರ್ವತಮ್ಮನವರನ್ನೂ ಮರೀಬೇಡಿ. ಮದುವೆ ಆಗಿದ್ದು 1953ರ ಜೂನ್‌ನಲ್ಲಿ, ನಂಜನಗೂಡಿನಲ್ಲಿ. ಕಣ್ಣಪ್ಪನಿಗಿಂತ ಸುಮಾರು ಒಂದು ವರ್ಷ ಮುಂಚೆ. ಅವರು ಕೈ ಹಿಡಿದದ್ದು ಕಂಪನಿ ನಟ ಮುತ್ತುರಾಜನನ್ನ, ರಾಜ್‌ಕುಮಾರ್ ಅನ್ನೋ ಹೆಸರು ಆಗ ಇನ್ನೂ ಹುಟ್ಟಿರಲಿಲ್ಲ.

ಹಂಚಿನ_ಮನೆ:
ಮೇಡಂ, ತಪ್ಪಾಯ್ತು. ಪಟ್ಟಿಯಲ್ಲಿ ಮೊದಲೇ ಬರಬೇಕಿತ್ತು ಆ ಹೆಸರು.

ಮಸ್ಕತ್_ಮಂಜ:
ಸರಿ, ಅರ್ಧ ಒಪ್ಪಿದೆ. ಆದರೂ ಗುರು, ರಂಗದಲ್ಲಿ ಕೂಗಿ ಕೂಗಿ ಅಭ್ಯಾಸ ಆದವರಿಗೆ ಸಿನಿಮಾ ಕಷ್ಟ ಆಗಲ್ವಾ? ಹಳೇ ಸಿನಿಮಾ ನೋಡಿದರೆ ಜಾಸ್ತಿ ಜನ ಕಿರುಚ್ತಾ ಇರ್ತಾರೆ. ಮೈಕ್ ಎದುರಿಗೇ ಇದ್ದರೂ ಹಿಂದಿನ ಸಾಲಿನ ಬೀಡಿ ಸೇದೋನಿಗೆ ಕೇಳಿಸೋ ಥರ.

ಬೆಂಚ್_ಟಿಕೆಟ್:
ಈ ಪ್ರಶ್ನೆಗೇ ಕಾಯ್ತಿದ್ದೆ.

ನನ್ನ ಲೆಕ್ಕದಲ್ಲಿ ಕಂಪನಿ ಕಲಿಸಿದ್ದು ಕೂಗೋದನ್ನಲ್ಲ, ಉಸಿರು. ಕಾಲಲ್ಲಿ ತಿದಿ ಒತ್ತೋ ಲೆಗ್ ಹಾರ್ಮೋನಿಯಂನವನು ಶ್ರುತಿ ಹಿಡಿದರೆ ನಟ ಆ ಶ್ರುತಿಯಲ್ಲೇ ಮಾತಾಡಬೇಕು, ಅದರಲ್ಲೇ ಹಾಡಿಗೆ ಹೋಗಬೇಕು, ಮತ್ತೆ ಮಾತಿಗೆ ಇಳೀಬೇಕು. ಮಾತು ಎಲ್ಲಿ ಮುಗೀತು, ಪದ್ಯ ಎಲ್ಲಿ ಶುರುವಾಯ್ತು ಅಂತ ಗೊತ್ತಾಗಬಾರದು. ಜನ ‘ವನ್ಸ್ ಮೋರ್’ ಅಂದರೆ ಸತ್ತು ಬಿದ್ದವನೂ ಎದ್ದು ಹಾಡಿ ಮತ್ತೆ ಸಾಯಬೇಕು.

ಬಭ್ರುವಾಹನದಲ್ಲಿ (1977) ಅಪ್ಪ ಮಗ ಎದುರುಬದುರು ನಿಲ್ಲೋ ‘ಯಾರು ತಿಳಿಯರು ನಿನ್ನ’ ಕೇಳಿ. ಅದು ಹಾಡೋ, ಮಾತೋ, ಜಗಳವೋ? ಮೂರೂ ಹೌದು. ರಾಜ್‌ಕುಮಾರ್ ಮತ್ತು ಪಿ.ಬಿ. ಶ್ರೀನಿವಾಸ್ ಹಾಡಿರೋದು. ಪಕ್ಕಾ ಕಂಪನಿ ನಾಟಕದ ಗತ್ತು. ನಿರ್ದೇಶಕ ಹುಣಸೂರು ಕೃಷ್ಣಮೂರ್ತಿ ಕೂಡ ಕಂಪನಿಯಿಂದ ಬಂದವರೇ. ಅದೇ ನಟ ಸಾಮಾಜಿಕ ಚಿತ್ರದಲ್ಲಿ ಎಷ್ಟು ಮೆತ್ತಗೆ ಮಾತಾಡ್ತಾರೆ ನೋಡಿ. ಜೋರು ಎಷ್ಟಿರಬೇಕು ಅನ್ನೋ ಹಿಡಿತ ಇದ್ದವನಿಗೆ ತಾನೇ ಕಡಿಮೆ ಮಾಡೋಕೂ ಗೊತ್ತಿರೋದು?

ಕಾವೇರಿ_ತೀರ:
ಇದರಲ್ಲಿ ಒಂದು ತಮಾಷೆ ಇದೆ. ಕಂಪನಿಯಲ್ಲಿ ಹಾಡು ಬಾರದವನಿಗೆ ಪಾತ್ರವೇ ಇಲ್ಲ. ಸಿನಿಮಾಗೆ ಬಂದ ಕೂಡಲೇ ಅವರ ಹಾಡು ಕಿತ್ತುಕೊಂಡರು! ಬೇಡರ ಕಣ್ಣಪ್ಪದ ‘ಶಿವಪ್ಪ ಕಾಯೋ ತಂದೆ’ಯಲ್ಲಿ ಮುಖ ರಾಜ್‌ಕುಮಾರ್ ಅವರದ್ದು, ಧ್ವನಿ ಸಿ.ಎಸ್. ಜಯರಾಮನ್ ಅವರದ್ದು. ಆಮೇಲೆ ಪಿ.ಬಿ. ಶ್ರೀನಿವಾಸ್ ಅವರೇ ಅವರ ಧ್ವನಿ ಆಗಿಬಿಟ್ಟರು. ನಡುವೆ 1959ರ ಮಹಿಷಾಸುರ ಮರ್ದಿನಿಯಲ್ಲಿ ಎಸ್. ಜಾನಕಿ ಜೊತೆ ‘ತುಂಬಿತು ಮನವ’ ಹಾಡಿದರು. ಮತ್ತೆ ಪೂರ್ತಿಯಾಗಿ ಹಾಡೋಕೆ ಶುರು ಮಾಡಿದ್ದು 1974ರ ಸಂಪತ್ತಿಗೆ ಸವಾಲ್‌ನಿಂದ, ‘ಯಾರೇ ಕೂಗಾಡಲಿ’. ಎಮ್ಮೆ ಮೇಲೆ ಕೂತು.

ಸಿನಿಮಾಗೆ ಬಂದು 20 ವರ್ಷ ಆದ ಮೇಲೆ ಕಂಪನಿ ಹುಡುಗನಿಗೆ ತನ್ನ ಗಂಟಲು ವಾಪಸ್ ಸಿಕ್ಕಿತು. ರಾಷ್ಟ್ರಪ್ರಶಸ್ತಿ ಬಂದಿದ್ದೂ ಹಾಡಿಗೇ, ನಟನೆಗಲ್ಲ. ಜೀವನ ಚೈತ್ರದ ‘ನಾದಮಯ’ಕ್ಕೆ.

ಟೆಂಟ್_ಟಾಕೀಸ್:
ಸುಬ್ಬಯ್ಯ ನಾಯ್ಡು ಅವರ ವಿಷಯ ಯಾರೂ ಎತ್ತಲಿಲ್ಲವಲ್ಲ! ಮುತ್ತುರಾಜು ಬರೀ ಗುಬ್ಬಿ ಕಂಪನಿಯಲ್ಲಿ ಬೆಳೆದವರಲ್ಲ, ನಾಯ್ಡು ಅವರ ಮಂಡಳಿಯಲ್ಲೂ ಇದ್ದರು. ಎಂ.ವಿ. ಸುಬ್ಬಯ್ಯ ನಾಯ್ಡು ಅಂದರೆ 1934ರ ಸತಿ ಸುಲೋಚನದ ನಾಯಕ. ತೆರೆಗೆ ಬಂದ ಮೊದಲ ಕನ್ನಡ ಟಾಕಿ ಅದು. ಅವರೂ ಆರ್. ನಾಗೇಂದ್ರರಾಯರೂ ಸೇರಿ ನಡೆಸಿದ್ದು ಶ್ರೀ ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಳಿ. ನಟ ಲೋಕೇಶ್ ಇದೇ ನಾಯ್ಡು ಅವರ ಮಗ.

ಆ ಮಂಡಳಿಯ ದೊಡ್ಡ ನಾಟಕ ಭೂಕೈಲಾಸ. ನಾಯ್ಡು ರಾವಣ, ನಾಗೇಂದ್ರರಾಯರು ನಾರದ. ಜನ ಮುಗಿಬಿದ್ದು ನೋಡಿದ ಜೋಡಿ. 1940ರಲ್ಲಿ ಎವಿ ಮೇಯಪ್ಪನ್ ಅದನ್ನ ತೆಲುಗಿನಲ್ಲಿ ಸಿನಿಮಾ ಮಾಡಿದಾಗ ರಾವಣನ ಪಾತ್ರಕ್ಕೆ ನಾಯ್ಡು ಅವರನ್ನೇ ಕರೆದುಕೊಂಡರು. 1958ರಲ್ಲಿ ಕನ್ನಡದಲ್ಲಿ ಭೂಕೈಲಾಸ ಬಂತು. ರಾವಣ ಯಾರು? ರಾಜ್‌ಕುಮಾರ್.

ಯೋಚನೆ ಮಾಡಿ. ಅಪ್ಪನೂ ರಾವಣ, ಮಂಡಳಿಯ ಯಜಮಾನರೂ ರಾವಣ. ಈ ಹುಡುಗ ಪರದೆ ಸಂದಿಯಿಂದ ಎಷ್ಟು ರಾತ್ರಿ ರಾವಣರನ್ನ ನೋಡಿರಬೇಕು! 1958ರ ಆ ಚಿತ್ರದಲ್ಲಿ ಆತ್ಮಲಿಂಗ ಕೈತಪ್ಪಿದ ಮೇಲೆ ಅವರ ಮುಖ ನೋಡಿ. ಅದನ್ನ ಯಾವ ನಿರ್ದೇಶಕನೂ ಸೆಟ್‌ನಲ್ಲಿ ಹತ್ತು ನಿಮಿಷದಲ್ಲಿ ಹೇಳಿಕೊಟ್ಟಿದ್ದಲ್ಲ.

ಮೆಜೆಸ್ಟಿಕ್_ಮೂಲೆ:
ಬೇರೆ ದಾರಿಯಿಂದ ಬಂದವರೂ ಇದ್ದಾರಲ್ಲ. ನಮ್ಮ ಬೆಂಗಳೂರಿನ ಶಿವಾಜಿರಾವ್ ಗಾಯಕ್ವಾಡ್ ನೋಡಿ. ಬಿಟಿಎಸ್ ಬಸ್ ಕಂಡಕ್ಟರ್. 1973ರಲ್ಲಿ ಮದ್ರಾಸಿನ ಫಿಲಂ ಇನ್‌ಸ್ಟಿಟ್ಯೂಟ್ ಸೇರಿದರು, 1975ರಲ್ಲಿ ತಮಿಳು ತೆರೆಗೆ ರಜನಿಕಾಂತ್ ಆಗಿ ಬಂದರು, ಮರುವರ್ಷ ಪುಟ್ಟಣ್ಣನವರ ಕಥಾಸಂಗಮದಲ್ಲಿ ಕನ್ನಡಕ್ಕೂ. ಎರಡು ವರ್ಷದಲ್ಲಿ ಕೆಲಸ ಮುಗೀತು. ಹದಿನೈದು ವರ್ಷ ಕಂಪನಿ ಸುತ್ತಬೇಕು ಅಂತೇನಿಲ್ಲ.

ಟೆಂಟ್_ಟಾಕೀಸ್:
ಅವರೂ ಕಂಡಕ್ಟರ್ ಆಗಿದ್ದಾಗಲೇ ಪೌರಾಣಿಕ ನಾಟಕಗಳಲ್ಲಿ ಬಣ್ಣ ಹಚ್ಚುತ್ತಿದ್ದರು ಸಾರ್. ಸುತ್ತಿ ಬಳಸಿ ಅಲ್ಲಿಗೇ ಬಂದಿರಿ.

ಆದರೆ ನಿಮ್ಮ ಮಾತಲ್ಲಿ ಒಂದು ಸತ್ಯ ಇದೆ. 1954ರಲ್ಲಿ ಕಂಪನಿ ಬಿಟ್ಟರೆ ಬೇರೆ ಬಾಗಿಲೇ ಇರಲಿಲ್ಲ. ಸ್ಟುಡಿಯೋ ಮದ್ರಾಸಿನಲ್ಲಿ, ದುಡ್ಡು ಮದ್ರಾಸಿನಲ್ಲಿ, ಲೈಟ್‌ಬಾಯ್‌ ಕೂಡ ಮದ್ರಾಸಿನವನೇ. ಕನ್ನಡ ಸಿನಿಮಾ ಬರ್ತಿದ್ದದ್ದೇ ವರ್ಷಕ್ಕೆ ಹತ್ತು ಹದಿನೈದು. ಕನ್ನಡ ಸ್ಪಷ್ಟವಾಗಿ ಆಡಬಲ್ಲ, ಹಾಡಬಲ್ಲ, ಪುಟಗಟ್ಟಲೆ ಬಾಯಿಪಾಠ ಬರೋ ಜನ ಬೇಕು ಅಂದರೆ ಕಂಪನಿಗೇ ಬರಬೇಕಿತ್ತು.

ಮಸ್ಕತ್_ಮಂಜ:
ಇನ್ನೊಂದು ಡೌಟು. ಕಣ್ಣಪ್ಪ ಗೆದ್ದ ಮೇಲೆ ಲೈಫ್ ಸೆಟ್ಲ್ ಆಯ್ತು ತಾನೇ?

ಬೆಂಚ್_ಟಿಕೆಟ್:
ಅದೇ ತಪ್ಪು ತಿಳುವಳಿಕೆ. ಇವತ್ತಿನ ಲೆಕ್ಕ ಅಲ್ಲ ಅದು. ಕಣ್ಣಪ್ಪನ ಕಥೆ ತೆಲುಗಿಗೂ ಹೋಯ್ತು, ಕಾಳಹಸ್ತಿ ಮಹಾತ್ಮ್ಯ ಅಂತ. ಅಲ್ಲೂ ಅವರೇ ಕಣ್ಣಪ್ಪ, ಅವರ ಒಂದೇ ಒಂದು ತೆಲುಗು ಚಿತ್ರ ಅದು. ಕನ್ನಡದಲ್ಲಿ ‘ಸೋದರಿ’ ಚಿತ್ರ ಬಂದಿದ್ದು ಮುಂದಿನ ವರ್ಷ. ಕೆಲಸ ಕಡಿಮೆ, ಹೊಟ್ಟೆಗಳು ಜಾಸ್ತಿ. ಏನು ಮಾಡಿದರು? ಮತ್ತೆ ನಾಟಕಕ್ಕೇ ಹೋದರು! ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಸೇರಿ ಕಲಾವಿದರ ಸಂಘ ಕಟ್ಟಿಕೊಂಡು ಊರೂರು ನಾಟಕ ಆಡಿದರು. ಸಿನಿಮಾ ಹೀರೋ ಬಂದಿದ್ದಾನೆ ಅಂತ ಜನ ಸೇರಿದರು. ಆಮೇಲೆ ಸಂಘದಿಂದಲೇ 1960ರಲ್ಲಿ ರಣಧೀರ ಕಂಠೀರವ ತೆಗೆದರು.

ಬಾಲಕೃಷ್ಣ ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ, ಗೊತ್ತಲ್ಲ? ಎದುರಿನವರ ತುಟಿ ನೋಡಿ ಸರಿಯಾದ ಹೊತ್ತಿಗೆ ಮಾತು ಎತ್ತಿಕೊಳ್ಳುತ್ತಿದ್ದರು. ಅದನ್ನ ಯಾವ ಇನ್‌ಸ್ಟಿಟ್ಯೂಟ್ ಕಲಿಸುತ್ತೆ ಹೇಳಿ, ಮೆಜೆಸ್ಟಿಕ್ ಅವರೇ.

ಮೆಜೆಸ್ಟಿಕ್_ಮೂಲೆ:
ಸೋತೆ ಸಾರ್, ಬಿಟ್ಟುಬಿಡಿ.

ತಾತನ_ಟ್ರಂಕು:
ಇಷ್ಟು ಹೊತ್ತು ಬರೀಲೋ ಬೇಡವೋ ಅಂತಿದ್ದೆ. ಮಸ್ಕತ್_ಮಂಜ ಅವರು ಮೊದಲು ಕೇಳಿದ ಪ್ರಶ್ನೆಗೆ ಯಾರೂ ಪೂರ್ತಿ ಉತ್ತರ ಕೊಟ್ಟಿಲ್ಲ. ಮಿಕ್ಕವರು ಏನಾದರು ಅಂತ.

ನಮ್ಮ ತಾತ ಕಂಪನಿ ನಟ. ದೊಡ್ಡ ಕಂಪನಿಯಲ್ಲ, ಹೆಸರು ಬೇಡ. ಹನ್ನೆರಡು ವರ್ಷ ಬಣ್ಣ ಹಚ್ಚಿದರು. ಕೊನೇ ಕ್ಯಾಂಪಿನಲ್ಲಿ ಮಳೆ ಹಿಡಿದು ಕಲೆಕ್ಷನ್ ಇಲ್ಲದೆ, ಯಜಮಾನರು ರಾತ್ರೋರಾತ್ರಿ ಊರು ಬಿಟ್ಟರಂತೆ. ಐದು ತಿಂಗಳ ಸಂಬಳ ಬರಲೇ ಇಲ್ಲ. ತಾತ ಒಂದು ಟ್ರಂಕು ಹೊತ್ತುಕೊಂಡು ಊರಿಗೆ ನಡೆದು ಬಂದರು. ಆಮೇಲೆ ಸಾಯೋವರೆಗೆ ಕಿರಾಣಿ ಅಂಗಡಿ. ಮದ್ರಾಸಿಗೆ ಹೋಗೋ ಯೋಚನೆ ಬಂದಿರಲಿಲ್ವಾ ಅಂತ ಒಂದ್ಸಲ ಕೇಳಿದ್ದೆ. "ರೈಲ್ ಚಾರ್ಜು ಯಾರಪ್ಪ ಕೊಡ್ತಿದ್ರು" ಅಂದರು. ಅಷ್ಟೇ. ಬೇಜಾರಿಂದಲೂ ಹೇಳಲಿಲ್ಲ, ಬೆಲ್ಲ ತೂಗುತ್ತಾ ಹೇಳಿದರು.

ರಾಜ್‌ಕುಮಾರ್ ಸಿನಿಮಾ ಊರಿಗೆ ಬಂದರೆ ಮೊದಲ ಆಟಕ್ಕೇ ಹೋಗುತ್ತಿದ್ದರು. ಹೊರಗೆ ಬಂದು ಕಥೆ ಬಗ್ಗೆ ಏನೂ ಹೇಳುತ್ತಿರಲಿಲ್ಲ. "ಆ ಉದ್ದದ ಮಾತಲ್ಲಿ ಉಸಿರು ಎಲ್ಲಿ ತಗೊಂಡ ನೋಡಿದ್ಯಾ?" ಅಂತ ಕೇಳೋರು. ನಾವು ಫೈಟಿಂಗ್ ನೋಡಿಕೊಂಡು ಬಂದಿರುತ್ತಿದ್ದೆವು.

ಹಾಗಾಗಿ ಹಂಚಿನ_ಮನೆ ಅವರು ಹೇಳಿದ್ದೂ ಸರಿ, ಮಂಜ ಅವರು ಹೇಳಿದ್ದೂ ಸರಿ. ಶಾಲೆ ಒಂದೇ. ಆದರೆ ಪರೀಕ್ಷೆಗೆ ಕೂರಿಸೋ ಮೇಷ್ಟ್ರು ಎಲ್ಲರಿಗೂ ಸಿಗಲಿಲ್ಲ.

ಮಸ್ಕತ್_ಮಂಜ:
ಅಣ್ಣ, ಆಫೀಸಲ್ಲಿ ಕೂತು ಓದ್ತಾ ಇದ್ದೀನಿ. ಟ್ರಂಕು ಈಗಲೂ ಇದೆಯಾ?

ತಾತನ_ಟ್ರಂಕು:
ಇದೆ. ಅಟ್ಟದ ಮೇಲೆ. ಒಳಗೆ ಒಂದು ಮಾಸಿದ ಜರಿ ನಡುಪಟ್ಟಿ, ಮರದ ಗದೆಯ ಹಿಡಿ, ಆಮೇಲೆ ಪಾರ್ಟು ಬರೆದುಕೊಂಡ ನೋಟ್‌ಬುಕ್. ಇಡೀ ನಾಟಕ ಯಾರಿಗೂ ಕೊಡುತ್ತಿರಲಿಲ್ಲವಂತೆ. ಅವರವರ ಪಾರ್ಟು, ಮುಂಚೆ ಬರೋ ಕೊನೇ ಎರಡು ಪದ, ಅಷ್ಟನ್ನೇ ಕೂತು ನಕಲು ಮಾಡಿಕೊಳ್ಳಬೇಕು. ಶಾಲೆಗೆ ಹೋಗದವರೂ ಹಾಗೇ ಅಕ್ಷರ ಕಲಿತುಬಿಡುತ್ತಿದ್ದರು.

ಸುಮ್ನೆ_ಓದೋಳು:
ಯಾವ ಪಾರ್ಟು? ನಿಮಗೆ ಅಭ್ಯಂತರ ಇಲ್ಲದಿದ್ದರೆ ಒಂದು ಪುಟ ಟೈಪ್ ಮಾಡ್ತೀರಾ?

ತಾತನ_ಟ್ರಂಕು:
ದುರ್ಯೋಧನ. ಟೈಪ್ ಮಾಡೋಕೆ ನಿನ್ನೆ ರಾತ್ರಿ ಕೆಳಗಿಳಿಸಿದೆ ಮೇಡಂ. ಕಾಗದ ಮುಟ್ಟಿದರೆ ಪುಡಿಯಾಗ್ತಿದೆ, ಫೋಟೋನೇ ಹಾಕಬೇಕು. ಪೆನ್ಸಿಲ್‌ನಲ್ಲಿ ಅಲ್ಲಲ್ಲಿ ಸಣ್ಣ ಗೆರೆ ಎಳೆದಿದ್ದಾರೆ. ಮೊದಲು ಅಲ್ಪವಿರಾಮ ಅಂದ್ಕೊಂಡೆ. ನಮ್ಮಮ್ಮ ಹೇಳಿದರು, ಅದು ಉಸಿರಿನ ಗುರುತು ಅಂತೆ. ಗೆರೆ ಇದ್ದ ಕಡೆ ಮಾತ್ರ ಉಸಿರು ತಗೋಬೇಕು.

ಒಂದು ಪುಟದ ಮಾತಿಗೆ ಎರಡೇ ಗೆರೆ ಇದೆ. ಬಾಗಿಲು ಹಾಕಿಕೊಂಡು ಗಟ್ಟಿಯಾಗಿ ಓದಿ ನೋಡಿದೆ. ಮೊದಲ ಗೆರೆ ಬರೋಕೆ ಇನ್ನೂ ನಾಲ್ಕು ಸಾಲು ಇತ್ತು, ಕೆಮ್ಮು ಬಂತು.

ಹಂಚಿನ_ಮನೆ:
ಫೋಟೋ ಹಾಕಿ ಸಾರ್. ನಾವೂ ಓದಿ ನೋಡ್ತೀವಿ.